ಮೀನಿಲ್ಲದ ದಿನದ ಊಟ

ಕಾರವಾರ, ಅಂಕೋಲೆ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಮೀನು. ಈ ಕಡೆಯ ಊಟವನ್ನು ಬಣ್ಣಿಸುವವರೂ ಬಂಗುಡೆಯಿಂದ ಆರಂಭಿಸಿ ಅಲ್ಲಿಯೇ ಮುಗಿಸಿಬಿಡುತ್ತಾರೆ. ಆದರೆ ವರ್ಷದಲ್ಲಿ ಮೀನಿಲ್ಲದ ದಿನಗಳೂ ಬಹಳ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಕಾನೂನು ಬರುವ ಮೊದಲೂ ಮಳೆಗಾಲದ ಕಡಲು ದೋಣಿಗಳನ್ನು ದಡದಲ್ಲಿಯೇ ಕೂರಿಸುತ್ತಿತ್ತು. ಶ್ರಾವಣ, ಸೋಮವಾರ ಎಂದು ಮೀನು ಬಿಡುವ ಮನೆಗಳು ಬೇರೆ. ಆಗ ಮುಸ್ಲಿಮರು, ಕ್ರೈಸ್ತರು, ಹಾಲಕ್ಕಿಗಳು, ನಾಡವರು, ಕೊಂಕಣಿಗರು ಎಲ್ಲರ ಒಲೆಯ ಮೇಲೂ ಬೇಯುವುದು ಹೆಚ್ಚುಕಡಿಮೆ ಅದೇ ಮೊಗೆಕಾಯಿ, ಅಲಸಂದೆ, ಹಲಸಿನ ಬೀಜ, ಕೆಸುವಿನ ಎಲೆ. ಸಸ್ಯಾಹಾರವನ್ನು ಒಬ್ಬರಿಗೆ, ಮಾಂಸಾಹಾರವನ್ನು ಇನ್ನೊಬ್ಬರಿಗೆ ಹಂಚಿಕೊಟ್ಟು ಜಗಳ ಹಚ್ಚುವವರಿಗೆ ಈ ಒಲೆಗಳ ಚರಿತ್ರೆ ಅಷ್ಟು ಅನುಕೂಲದ್ದಲ್ಲ.

ಈ ಕರಾವಳಿಯ ಊಟದ ಬಗ್ಗೆ ನಮಗೆ ಸಿಗುವ ಅತ್ಯಂತ ರುಚಿಕರವಾದ ಹಳೆಯ ದಾಖಲೆ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತನದು. 1340ರ ದಶಕದಲ್ಲಿ ಆತ ಅಂಕೋಲೆಯ ದಕ್ಷಿಣಕ್ಕಿರುವ ಹೊನ್ನಾವರದಲ್ಲಿ ಸುಲ್ತಾನ ಜಮಾಲುದ್ದೀನನ ಅತಿಥಿಯಾಗಿದ್ದ. ಅಲ್ಲಿ ಬಡಿಸಿದ್ದನ್ನು ಸರದಿ ತಪ್ಪದೆ ಬರೆದಿದ್ದಾನೆ: ಅನ್ನ, ತುಪ್ಪ, ಜೊತೆಗೆ ಕಾಳುಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಆಮೇಲೆ ಕೋಳಿ, ಮೀನು. ಅದಾದ ಮೇಲೆ ತುಪ್ಪದಲ್ಲಿ ಬೇಯಿಸಿದ ತರಕಾರಿ. ಕಡೆಗೆ ಮೊಸರು. ಅಲ್ಲಿದ್ದ ಹನ್ನೊಂದು ತಿಂಗಳು ರೊಟ್ಟಿಯ ಮುಖ ನೋಡದೆ ಅನ್ನದಲ್ಲೇ ಕಳೆದೆ ಎಂದೂ ಹೇಳುತ್ತಾನೆ. ಸುಲ್ತಾನನ ಪಂಕ್ತಿಯಲ್ಲಿಯೂ ತರಕಾರಿ, ಮೊಸರಿಗೆ ತಮ್ಮದೇ ಸ್ಥಾನವಿತ್ತು.

ಆ ಊಟದಲ್ಲಿ ಒಂದು ವಸ್ತು ಕಾಣುವುದಿಲ್ಲ, ಮೆಣಸಿನಕಾಯಿ. ಕಾಣುವುದಾದರೂ ಹೇಗೆ? ಅಮೆರಿಕದ ಆ ಗಿಡ ಇಲ್ಲಿಗೆ ಬಂದದ್ದು 1498ರ ನಂತರ, ಪೋರ್ಚುಗೀಸರ ಹಡಗಿನಲ್ಲಿ. ಅದುವರೆಗೆ ಖಾರವೆಂದರೆ ಕಾಳುಮೆಣಸೇ. 1638ರಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಕಾರವಾರದಲ್ಲಿ ಕೋಠಿ ತೆರೆದದ್ದಕ್ಕೂ ಅದೇ ದೊಡ್ಡ ಕಾರಣ. ಇಂದು ಕೆಂಪು ಮೆಣಸು ರುಬ್ಬದೆ ಇಲ್ಲಿ ಯಾವ ಹುಳಿಯೂ ಆಗುವುದಿಲ್ಲ, ಅದನ್ನು ಪರದೇಶಿ ಎನ್ನುವವರೂ ಇಲ್ಲ.

ಹುಳಿ ಮಾತ್ರ ಅಪ್ಪಟ ನಮ್ಮದು. ಮುರುಗಲು ಪಶ್ಚಿಮ ಘಟ್ಟದ ಮರ. ಕೊಂಕಣಿಯಲ್ಲಿ ಇದರ ಹಣ್ಣು ಬಿರಂಡ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ವೈದ್ಯ ಗಾರ್ಸಿಯಾ ದ ಒರ್ಟಾನ ಗ್ರಂಥದಲ್ಲಿ ಬರುವುದೂ ಈ ಹೆಸರಿನ ಪೋರ್ಚುಗೀಸ್ ರೂಪವೇ. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣಿನ ಸಿಪ್ಪೆಯನ್ನು ಅದರದೇ ರಸದಲ್ಲಿ ಉಪ್ಪು ಹಾಕಿ ಅದ್ದಿ, ಮತ್ತೆ ಮತ್ತೆ ಒಣಗಿಸಿಟ್ಟರೆ ಮಳೆಗಾಲದ ಚಿಂತೆಯಿಲ್ಲ. ಇದರ ಕಡಿ ಮಾಡುವುದು ಹೊಸದಾಗಿ ಅಡುಗೆಗೆ ನಿಂತವರಿಗೂ ಕಷ್ಟವಲ್ಲ. ಎಂಟು ಹತ್ತು ಸಿಪ್ಪೆಗಳನ್ನು ಒಂದು ಲೋಟ ಬಿಸಿನೀರಿನಲ್ಲಿ ಅರ್ಧ ತಾಸು ನೆನೆಸಿ ಹಿಂಡಬೇಕು. ಅರ್ಧ ತೆಂಗಿನಕಾಯಿ, ಒಂದು ಹಸಿಮೆಣಸು, ಎರಡು ಎಸಳು ಬೆಳ್ಳುಳ್ಳಿ ರುಬ್ಬಿ ಹಾಲು ತೆಗೆದು ಅದಕ್ಕೆ ಬೆರೆಸಬೇಕು. ಉಪ್ಪು, ಕೊತ್ತಂಬರಿ ಸೊಪ್ಪು, ಅಷ್ಟೇ. ಕುದಿಸಬಾರದು, ಹಾಲು ಒಡೆಯುತ್ತದೆ. ಬೆಳ್ಳುಳ್ಳಿ ಬೇಡವೆನ್ನುವವರು ಇಂಗು ಹಾಕುತ್ತಾರೆ; ನಮ್ಮ ನಾಲಿಗೆಗೆ ಬೆಳ್ಳುಳ್ಳಿಯೇ ಸೈ.

ಸಿಪ್ಪೆ ಒಣಗಿಸಲಿಕ್ಕೂ, ಗಂಜಿಗೂ, ಉಪ್ಪಿನಕಾಯಿಗೂ ಬೇಕಾದ ಉಪ್ಪಿಗೆ ಬ್ರಿಟಿಷರು ತೆರಿಗೆ ಹಾಕಿದ್ದರು. ಕಡಲ ಪಕ್ಕದಲ್ಲೇ ಬದುಕುವವರು ಕಡಲ ನೀರಿನಿಂದ ಉಪ್ಪು ಮಾಡಿದರೆ ಅಪರಾಧ! 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಆ ಕಾನೂನನ್ನು ಮುರಿದರು. ಆಮೇಲೆ ಕರನಿರಾಕರಣೆ ನಡೆದು ಅನೇಕ ರೈತರು ಭೂಮಿ ಕಳೆದುಕೊಂಡರು. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದದ್ದು ಹಾಗೆ. ಉಪ್ಪಿನ ಚರಳು ಎಷ್ಟು ದುಬಾರಿಯಾಗಬಲ್ಲದು ಎಂಬುದು ಆ ಮನೆಗಳ ಹೆಂಗಸರಿಗೆ ಗೊತ್ತಿತ್ತು.

ಸ್ವಾತಂತ್ರ್ಯದ ನಂತರವೂ ಭೂಮಿ ಹೋಯಿತು, ಬೇರೆ ಕಾರಣಕ್ಕೆ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಿಲಾನ್ಯಾಸವಾಯಿತು. ಅದಕ್ಕಾಗಿ ಅರಗಾ, ಬಿಣಗಾ ಮುಂತಾದ ಊರುಗಳ ಜನ ಗದ್ದೆ, ಹಿತ್ತಿಲು ಬಿಟ್ಟು ಏಳಬೇಕಾಯಿತು. ದೇಶದ ರಕ್ಷಣೆಗೆ ನೆಲೆ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಪರಿಹಾರಕ್ಕಾಗಿ ಜನ ದಶಕಗಳ ಕಾಲ ನ್ಯಾಯಾಲಯಕ್ಕೆ ಅಲೆದರು. ಮನೆ, ಗದ್ದೆಗೆ ಬೆಲೆ ಕಟ್ಟಬಹುದು. ಹಿತ್ತಿಲಿನ ಕೆಸು, ಬಸಳೆ ಚಪ್ಪರ, ಬೇಲಿಯಂಚಿನ ಮುರುಗಲು ಮರ ದಿನವೂ ಪುಕ್ಕಟೆಯಾಗಿ ಕೊಡುತ್ತಿದ್ದ ಊಟವನ್ನು ಯಾವ ಲೆಕ್ಕದಲ್ಲಿ ಹಿಡಿಯುವುದು? ಪುನರ್ವಸತಿ ನಿವೇಶನದಲ್ಲಿ ಇಂದು ಮುರುಗಲು ಸಸಿ ನೆಟ್ಟರೆ ಅದು ಫಲ ಕೊಡಲು ಏಳೆಂಟು ವರ್ಷವಾದರೂ ಬೇಕು. ಅಲ್ಲಿಯವರೆಗೆ ಸಿಪ್ಪೆಯನ್ನು ಸಂತೆಯಲ್ಲಿ ಕೊಂಡು ತರಬೇಕು.