ನೆಲದಿಂದ ಏಳಲು ಎಷ್ಟು ಸೆಕೆಂಡು?

ಬಸವೇಶ್ವರನಗರದ ಅಕ್ಕನ ಮನೆಯ ಹಾಲಿನಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕೂರುವುದು ನನ್ನ ಭಾನುವಾರದ ಡ್ಯೂಟಿ. ಪುಟ್ಟ ನೆಲದ ಮೇಲೆ ಮಲಗಿ, ಎದ್ದು ನಿಲ್ಲಬೇಕು. "ಮಾಮಾ, ಈ ಸಲ ಎಷ್ಟು?" ಅಂತಾನೆ, ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ. ಅವನಿಗಿರುವುದು ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ. ಸ್ನಾಯುಗಳು ಮೆಲ್ಲಗೆ ಸೋಲುವ ಕಾಯಿಲೆ. ಈ ಅಳತೆಯೆಲ್ಲ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ.

ಫ್ರಾನ್ಸಿನ ಡುಶೆನ್ 1868ರಲ್ಲಿ ಇಂಥ 13 ಮಕ್ಕಳ ಬಗ್ಗೆ ಬರೆದ. 1879ರಲ್ಲಿ ಲಂಡನ್ನಿನ ವಿಲಿಯಂ ಗೋವರ್ಸ್ ಅವರು ಏಳುವ ರೀತಿಯನ್ನು ವರ್ಣಿಸಿದ. ಮೊದಲು ನೆಲಕ್ಕೆ ಕೈಯೂರಿ, ಆಮೇಲೆ ಮೊಣಕಾಲು, ಆಮೇಲೆ ತೊಡೆ ಹಿಡಿದು, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತುವುದು! ಸೊಂಟ, ತೊಡೆ ಮಾಡಲಾಗದ ಕೆಲಸವನ್ನು ಕೈ ಮಾಡುತ್ತದೆ. ನಿಮ್ಹಾನ್ಸಿನಲ್ಲಿ ಡಾಕ್ಟರು ಪುಟ್ಟನಿಗೆ ಮೊದಲು ಮಾಡಿಸಿದ್ದೂ ಇದನ್ನೇ. ಯಾವ ಮಶೀನೂ ಇಲ್ಲ.

ಆರು ನಿಮಿಷದ ನಡಿಗೆಯ ಕಥೆ ಇನ್ನೂ ಮಜಾ. ಅದು ಶುರುವಾದದ್ದು ಗಟ್ಟಿಮುಟ್ಟು ಸೈನಿಕರಿಂದ :) 1968ರಲ್ಲಿ ಅಮೆರಿಕದ ವಾಯುಪಡೆಯ ಕೆನ್ನೆತ್ ಕೂಪರ್ 12 ನಿಮಿಷ ಓಡಿಸಿ ದೂರ ಅಳೆದ. 1976ರಲ್ಲಿ ಬ್ರಿಟನ್ನಿನ ವೈದ್ಯರು ಉಸಿರಾಟದ ರೋಗಿಗಳಿಗಾಗಿ ಓಟವನ್ನು ನಡಿಗೆ ಮಾಡಿದರು. 1982ರಲ್ಲಿ ಆರೇ ನಿಮಿಷ ಸಾಕು ಅಂತಾಯಿತು. 2010ರಲ್ಲಿ ಕ್ರೇಗ್ ಮೆಕ್‌ಡೊನಾಲ್ಡ್ ತಂಡ ಅದನ್ನು ಡುಶೆನ್ ಮಕ್ಕಳಿಗೆ ಒಗ್ಗಿಸಿತು: 25 ಮೀಟರ್ ದಾರಿ, ಬಿದ್ದರೆ ಎತ್ತಲು ಬೆನ್ನ ಹಿಂದೆ ಒಬ್ಬರು, ಮಗು ಗಮನ ತಪ್ಪಿ ನಿಲ್ಲದಂತೆ ಉದ್ದಕ್ಕೂ ಹುರಿದುಂಬಿಸುವ ಮಾತು.

ಹೋದ ವರ್ಷ ತಪಾಸಣೆಯಲ್ಲಿ ಪುಟ್ಟ ನಡೆದ ದೂರ ಹೆಚ್ಚಾಗಿತ್ತು. ಅಕ್ಕ ಹೋಳಿಗೆ ಮಾಡಿದಳು. "ಇನ್ನೂ ಬೆಳೀತಿದಾನಲ್ಲ" ಅಂತ ಡಾಕ್ಟರು ಅಂದದ್ದು ಆಗ ನಮಗೆ ಅರ್ಥವಾಗಲಿಲ್ಲ. ಓದಿದ ಮೇಲೆ ಗೊತ್ತಾಯಿತು. ಸುಮಾರು ಏಳು ವರ್ಷದ ತನಕ ಕಾಲು ಉದ್ದವಾಗುತ್ತದೆ, ಹೆಜ್ಜೆ ದೊಡ್ಡದಾಗುತ್ತದೆ. ಒಳಗೆ ಸ್ನಾಯು ಸೋಲುತ್ತಿದ್ದರೂ ದೂರ ಏರಬಹುದು. ಆಮೇಲೆ ಇಳಿಯುತ್ತದೆ. ಎರಡು ಸಿಗ್ನಲ್ ಸೇರಿ ಒಂದೇ ಗ್ರಾಫ್! ದಿನಾ ಲಾಗ್ ಓದುವ ನನಗೇ ಇದು ಹೊಳೆದಿರಲಿಲ್ಲ.

ಹಾಗಾಗಿಯೇ ಒಂದು ಅಂಕಿ ಸಾಲದು. ಬ್ರಿಟನ್ನಿನ ನಾರ್ತ್ ಸ್ಟಾರ್ ಪರೀಕ್ಷೆಯಲ್ಲಿ ಏಳುವುದು, ಹತ್ತುವುದು, ಜಿಗಿಯುವುದು ಅಂತ 17 ಚಟುವಟಿಕೆಗಳಿಗೆ ಒಟ್ಟು 34 ಅಂಕ. ಕಾಲಿಗೆ ಸೆನ್ಸರ್ ಕಟ್ಟಿ, ಮನೆಯಲ್ಲೇ ಮಗುವಿನ ಅತಿ ವೇಗದ ಹೆಜ್ಜೆಗಳನ್ನು ಅಳೆಯುವ ವಿಧಾನವನ್ನು ಯುರೋಪಿನ ಔಷಧ ಸಂಸ್ಥೆ 2019ರಲ್ಲಿ ಒಪ್ಪಿತು.

ಗ್ರಾಫಿನ ವಿಷಯ ಅಕ್ಕನಿಗೆ ಇನ್ನೂ ಹೇಳಿಲ್ಲ. ಬರುವ ಶ್ರಾವಣಕ್ಕೆ ಪುಟ್ಟನಿಗೆ ಏಳು ತುಂಬುತ್ತದೆ.