ಹ್ಯೂಮಿಡಿಫೈಯರ್ ಫಿಲ್ಟರಿನ ಆಯುಸ್ಸು: ದಿನಗಣನೆಯೋ, ಲವಣಗಣನೆಯೋ?

ಬತ್ತಿ ಮಾದರಿಯ ಹ್ಯೂಮಿಡಿಫೈಯರ್‌ನಲ್ಲಿ ಫಿಲ್ಟರ್ ಎಂದು ಮಾರಾಟವಾಗುವ ಭಾಗ ನೀರನ್ನು ಹೀರಿಕೊಂಡು ಗಾಳಿಗೆ ಒಡ್ಡುವ ದಪ್ಪ ಕಾಗದದ ಬತ್ತಿ. ತಟ್ಟೆಯಲ್ಲಿ ನಿಂತ ನೀರು ಕಾಗದದ ನಾರುಗಳ ಸಂದಿನಲ್ಲಿ ಮೇಲೇರುತ್ತದೆ. ಫ್ಯಾನ್ ಎಳೆದ ಒಣಗಾಳಿ ಬತ್ತಿಯನ್ನು ಹಾಯ್ದು ಹೋಗುವಾಗ ಆ ನೀರು ಆವಿಯಾಗುತ್ತದೆ. ಆವಿಯಾಗುವುದು ನೀರು ಮಾತ್ರ. ಅದರಲ್ಲಿ ಕರಗಿದ್ದ ಲವಣವೆಲ್ಲ ಹಿಂದೆ ಉಳಿಯುತ್ತದೆ. ಬತ್ತಿಯನ್ನು ಕೆಡಿಸುವುದು ಮುಖ್ಯವಾಗಿ ಈ ಉಳಿಕೆಯೇ. ಆದರೂ ತಯಾರಕರ ಕೈಪಿಡಿಗಳು ಬದಲಾವಣೆಯ ಕಾಲವನ್ನು ಸಾಮಾನ್ಯವಾಗಿ ದಿನಗಳಲ್ಲಿ ಹೇಳುತ್ತವೆ: ಒಂದೆರಡು ತಿಂಗಳಿಗೊಮ್ಮೆ, ಇಲ್ಲವೇ ಚಳಿಗಾಲಕ್ಕೊಮ್ಮೆ. ಈ ದಿನಗಣನೆ ಬತ್ತಿಯ ಸವೆತವನ್ನು ಅಳೆಯುವುದಿಲ್ಲ. ಬಳಸಿದ ನೀರಿನ ಪ್ರಮಾಣ, ಅದರಲ್ಲಿದ್ದ ಲವಣ ಮತ್ತು ಚೆಲ್ಲಿದ ನೀರು ಈ ಮೂರರ ಲೆಕ್ಕವೇ ಸರಿಯಾದ ಅಳತೆ ಎಂಬುದು ಪ್ರಸ್ತುತ ಲೇಖನದ ವಾದ.

ಈ ಉಪಕರಣ ಬೇಕಾಗುವುದು ಮುಖ್ಯವಾಗಿ ಶೀತದೇಶಗಳ ಚಳಿಗಾಲದಲ್ಲಿ. ಹೊರಗೆ ಮೈನಸ್ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇ. 80ರಷ್ಟು ಆರ್ದ್ರತೆ ಇರುವ ಗಾಳಿಯನ್ನು ಮನೆಯೊಳಗೆ 21 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ಆರ್ದ್ರತೆ ಶೇ. 10ರ ಆಸುಪಾಸಿಗೆ ಇಳಿಯುತ್ತದೆ. ಷಿಕಾಗೊ, ಮಿನಿಯಾಪೊಲಿಸ್‌ಗಳಲ್ಲಿ ನೆಲೆಸುವ ಕನ್ನಡ ಕುಟುಂಬಗಳಿಗೆ ಮೊದಲ ಚಳಿಗಾಲದಲ್ಲೇ ಪರಿಚಯವಾಗುವ ಒಡೆದ ತುಟಿ, ಬಾಗಿಲ ಹಿಡಿ ಮುಟ್ಟಿದಾಗ ಚುರುಕ್ಕೆನ್ನುವ ಸ್ಥಿರವಿದ್ಯುತ್ತು ಇದರದೇ ಫಲ. ಕರ್ನಾಟಕದ ಕರಾವಳಿಗೆ ಇಂಥ ಉಪಕರಣದ ಅಗತ್ಯವೇ ಇಲ್ಲ. ಆದರೆ ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಓಡುವ ಏರ್ ಕೂಲರ್ ಇದೇ ತತ್ತ್ವದ ಮೇಲೆ ನಡೆಯುತ್ತದೆ. ಬೋರ್‌ವೆಲ್ ನೀರಿಗೆ ಅದರ ಪ್ಯಾಡ್ ಬೆಳ್ಳಗಾಗಿ ಗಟ್ಟಿಯಾಗುವುದು ಅಲ್ಲಿನವರಿಗೆ ಹೊಸತಲ್ಲ.

ಪೂರ್ವಸೂರಿಗಳ ಕೆಲಸದಲ್ಲಿ ಹೆಚ್ಚಿನದು ಆರೋಗ್ಯಕ್ಕೆ ಸಂಬಂಧಿಸಿದ್ದು. ಸ್ಟರ್ಲಿಂಗ್, ಅರುಂಡೆಲ್ ಮತ್ತು ಸ್ಟರ್ಲಿಂಗ್ 1985ರಲ್ಲಿ ಒಳಾಂಗಣಕ್ಕೆ ಶೇ. 40ರಿಂದ 60ರ ಆರ್ದ್ರತೆ ಹಿತವೆಂದರು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಶೇ. 30ರಿಂದ 50 ಎನ್ನುತ್ತದೆ. ಕೊಳೆತ ನೀರಿನ ಸೂಕ್ಷ್ಮಜೀವಿಗಳು ಗಾಳಿಗೆ ಸೇರಿ ಶ್ವಾಸಕೋಶದ ಅಲರ್ಜಿ ಉಂಟುಮಾಡಬಲ್ಲವೆಂಬುದನ್ನು ಬನಾಸ್ಜಾಕ್ ಮತ್ತು ಸಂಗಡಿಗರು 1970ರಲ್ಲಿ ಹವಾನಿಯಂತ್ರಣ ಯಂತ್ರವೊಂದರ ಪ್ರಕರಣದಲ್ಲಿ ತೋರಿಸಿದ್ದರು. ನೀರಿಗೆ ಸೋಂಕುನಿವಾರಕ ಬೆರೆಸುವುದು ಎಷ್ಟು ಘೋರವಾಗಬಹುದೆಂಬುದು 2011ರಲ್ಲಿ ದಕ್ಷಿಣ ಕೊರಿಯಾದಲ್ಲಿ ಬಯಲಾಯಿತು. ಪಿಎಚ್‌ಎಂಜಿಯಂಥ ರಾಸಾಯನಿಕಗಳನ್ನು ಹ್ಯೂಮಿಡಿಫೈಯರ್ ಮೂಲಕ ಉಸಿರಾಡಿದ ಬಾಣಂತಿಯರು, ಮಕ್ಕಳು ಶ್ವಾಸಕೋಶ ಹಾಳಾಗಿ ಸತ್ತರು. ಬತ್ತಿಯ ಪಾಚಿ ತೆಗೆಯುವ ನೆಪದಲ್ಲೂ ಓಡುವ ಯಂತ್ರದ ನೀರಿಗೆ ಮನಸೋಇಚ್ಛೆ ರಾಸಾಯನಿಕ ಸುರಿಯಬಾರದೆಂಬ ವಿಷಯದಲ್ಲಿ ಇನ್ನು ಚರ್ಚೆಗೆ ಎಡೆಯಿಲ್ಲ.

ಲವಣದ ವಿಷಯಕ್ಕೆ ಬಂದರೆ, ಹೈಸ್ಮಿತ್, ರೋಡ್ಸ್ ಮತ್ತು ಹಾರ್ಡಿ 1988ರಲ್ಲಿ ಪ್ರಕಟಿಸಿದ ಅಧ್ಯಯನ ಮುಖ್ಯವಾದದ್ದು. ಅಲ್ಟ್ರಾಸಾನಿಕ್ ಯಂತ್ರಗಳಿಗೆ ನಲ್ಲಿನೀರು ತುಂಬಿದರೆ ಅದರ ಲವಣ ಸೂಕ್ಷ್ಮ ಧೂಳಾಗಿ ಕೋಣೆಯ ತುಂಬ ಹರಡುತ್ತದೆಂದು ಅದು ತೋರಿಸಿತು. ಹನಿಯನ್ನೇ ಗಾಳಿಗೆ ಚಿಮ್ಮುವ ಯಂತ್ರಕ್ಕೆ ಕಡಿಮೆ ಲವಣದ ನೀರು ಬೇಕು, ಬತ್ತಿಯ ಯಂತ್ರಕ್ಕೆ ಆ ಚಿಂತೆಯಿಲ್ಲ ಎಂಬ ತಿಳಿವಳಿಕೆ ಆಮೇಲೆ ಬೇರೂರಿತು. ಉಸಿರಾಟದ ದೃಷ್ಟಿಯಿಂದ ಇದು ಸರಿ. ನಿರ್ವಹಣೆಯ ದೃಷ್ಟಿಯಿಂದ ಅರ್ಧ ಮಾತ್ರ ಸರಿ, ಏಕೆಂದರೆ ಗಾಳಿಗೆ ಹೋಗದ ಲವಣ ಯಂತ್ರದೊಳಗೇ ಎಲ್ಲೋ ಸೇರಲೇಬೇಕು.

ದಿನಕ್ಕೆ 6 ಲೀಟರ್ ನೀರು ತುಂಬುವ ಯಂತ್ರವೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಲೀಟರಿಗೆ 40 ಮಿಲಿಗ್ರಾಂ ಲವಣವಿರುವ ಮೃದು ನೀರಾದರೆ 60 ದಿನಕ್ಕೆ ಒಳಸೇರುವ ಲವಣ ಸುಮಾರು 14 ಗ್ರಾಂ. ಲೀಟರಿಗೆ 250 ಮಿಲಿಗ್ರಾಂ ಇರುವ ನೀರಾದರೆ 90 ಗ್ರಾಂ. ಎರಡೂ ಮನೆಗಳಿಗೆ ಕೈಪಿಡಿ ಹೇಳುವ ಅವಧಿ ಒಂದೇ. ಮೊದಲ ಮನೆಯವರು ಇನ್ನೂ ಬಾಳುವ ಬತ್ತಿಯನ್ನು ಎಸೆಯುತ್ತಾರೆ; ಎರಡನೆಯವರು ಕಲ್ಲಾದ ಬತ್ತಿಯ ಮುಂದೆ ವಾರಗಟ್ಟಲೆ ಫ್ಯಾನ್ ಓಡಿಸುತ್ತಾರೆ.

ಇದಕ್ಕೊಂದು ಆಕ್ಷೇಪ ಬರಬಹುದು: ಒಳಹೋದ ಲವಣವೆಲ್ಲ ಬತ್ತಿಗೇ ಅಂಟುವುದಿಲ್ಲ, ತಟ್ಟೆಯ ನೀರಿನಲ್ಲೂ ಉಳಿಯುತ್ತದೆ. ಆಕ್ಷೇಪ ನ್ಯಾಯವಾದದ್ದು, ವಿವಾದದ ತಿರುಳಿರುವುದೂ ಇಲ್ಲಿಯೇ. ತುಂಬಿದ 6 ಲೀಟರಿನಲ್ಲಿ 4.5 ಲೀಟರ್ ಆವಿಯಾಗಿ 1.5 ಲೀಟರ್ ಉಳಿದರೆ ಆ ಉಳಿಕೆಯ ಸಾಂದ್ರತೆ ನಲ್ಲಿನೀರಿನ ನಾಲ್ಕರಷ್ಟು. ಅದನ್ನು ದಿನವೂ ಚೆಲ್ಲಿದರೆ ಮರುದಿನ ಲೆಕ್ಕ ಮೊದಲಿಂದ ಶುರು. ಚೆಲ್ಲದೆ ಅದರ ಮೇಲೇ ನೀರು ತುಂಬುತ್ತ ಹೋದರೆ ವಾರದ ಕೊನೆಗೆ ಒಟ್ಟು 33 ಲೀಟರಿನ ಲವಣ ಅದೇ 1.5 ಲೀಟರಿನಲ್ಲಿ ಸೇರಿ, ಸಾಂದ್ರತೆ 22ರಷ್ಟಾಗುತ್ತದೆ.

ಈ ವ್ಯತ್ಯಾಸ ಎಲ್ಲ ಲವಣಕ್ಕೂ ಒಂದೇ ರೀತಿ ಮುಖ್ಯವಲ್ಲ. ಜಿಪ್ಸಂ ಲೀಟರಿಗೆ ಸುಮಾರು 2.4 ಗ್ರಾಂವರೆಗೆ ಕರಗಬಲ್ಲುದು. ನಲ್ಲಿನೀರಿನಲ್ಲಿ ಅದು 150 ಮಿಲಿಗ್ರಾಂ ಇದ್ದರೆ ದಿನವೂ ಚೆಲ್ಲುವ ತಟ್ಟೆಯಲ್ಲಿ 600 ಮಿಲಿಗ್ರಾಂ ಆಗಿ, ಕರಗಿಯೇ ಇದ್ದು ನೀರಿನೊಂದಿಗೆ ಹೊರಹೋಗುತ್ತದೆ. ವಾರಕ್ಕೊಮ್ಮೆ ಚೆಲ್ಲುವ ತಟ್ಟೆಯಲ್ಲಿ ಅದು 3.3 ಗ್ರಾಂ ಆಗಬೇಕು. ಅಷ್ಟು ಕರಗಲಾರದ್ದರಿಂದ ಹೆಚ್ಚಾದದ್ದು ಹರಳುಗಟ್ಟುತ್ತದೆ. ಅಡುಗೆ ಉಪ್ಪು ತಟ್ಟೆಯಲ್ಲಿ ಹರಳುಗಟ್ಟುವ ಮಾತೇ ಇಲ್ಲ. ಕಾರ್ಬೊನೇಟಿನ ಕಥೆ ಬೇರೆ. ಕ್ಯಾಲ್ಸಿಯಂ ಬೈಕಾರ್ಬೊನೇಟ್ ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಟ್ಟುಕೊಟ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಗೀಜರ್ ಕಾಯಿಲ್‌ಗೆ ಕಟ್ಟುವ ಬಿಳಿ ಪದರವೂ ಇದೇ. ಬತ್ತಿಯಷ್ಟು ವಿಶಾಲವಾಗಿ ನೀರನ್ನು ಗಾಳಿಗೆ ಒಡ್ಡುವ ಜಾಗ ಯಂತ್ರದಲ್ಲಿ ಬೇರೊಂದಿಲ್ಲ. ಷಿಕಾಗೊದ ಮಿಷಿಗನ್ ಸರೋವರದ ನೀರಿನ ಗಡಸುತನ ಲೀಟರಿಗೆ ಸುಮಾರು 140 ಮಿಲಿಗ್ರಾಂ. ಅಂಥ ನೀರು ನಾಲ್ಕರಷ್ಟಕ್ಕೆ ಏರುವ ಮೊದಲೇ ಕಾರ್ಬೊನೇಟಿನ ಕರಗುವ ಮಿತಿ ದಾಟಿರುತ್ತದೆ.

ಹಾಗಾಗಿ ದಿಟ್ಟವಾಗಿ ಹೇಳಬಹುದಾದ್ದು ಇಷ್ಟು: ತಟ್ಟೆಯ ಉಳಿಕೆ ನೀರನ್ನು ದಿನವೂ ಚೆಲ್ಲುವುದು ಬತ್ತಿಯ ಆಯುಸ್ಸು ಹೆಚ್ಚಿಸುವ ಅತಿ ಅಗ್ಗದ ಉಪಾಯ. ಪರಿಸರ ಸಂರಕ್ಷಣಾ ಸಂಸ್ಥೆ 1991ರ ತನ್ನ ಕರಪತ್ರದಲ್ಲಿ ಇದೇ ಸಲಹೆಯನ್ನು ಸೂಕ್ಷ್ಮಜೀವಿಗಳ ಕಾರಣಕ್ಕೆ ಕೊಟ್ಟಿತ್ತು. ಲವಣದ ಕಾರಣಕ್ಕೂ ಅದು ಅಷ್ಟೇ ಸಲ್ಲುತ್ತದೆ. ಆದರೆ ಈ ಮಾತಿಗೆ ಕೆಲವು ಮಿತಿಗಳಿವೆ. ಮೊದಲನೆಯದಾಗಿ, ಗಡಸುತನ ಮುಖ್ಯವಾಗಿ ಬೈಕಾರ್ಬೊನೇಟಿನದೇ ಆದ ನೀರಿನಲ್ಲಿ ಲಾಭ ಕಡಿಮೆ. ಎರಡನೆಯದಾಗಿ, ಮೇಲಿನ ಲೆಕ್ಕ ಬತ್ತಿಯ ನೀರೂ ತಟ್ಟೆಯ ನೀರೂ ಸದಾ ಬೆರೆಯುತ್ತವೆಂದು ಭಾವಿಸುತ್ತದೆ. ವಾಸ್ತವದಲ್ಲಿ ಮೇಲಂಚಿಗೆ ಏರಿದ ನೀರು ಅಲ್ಲೇ ಒಣಗುತ್ತದೆ, ಕೆಳಗೆ ಮರಳುವುದು ಅಲ್ಪ. ಬಳಸಿದ ಬತ್ತಿಯ ಮೇಲಂಚು ಮೊದಲು ಬಿಳಿಚಿ, ಬೆರಳಿಗೆ ಮರಳುಕಾಗದದಂತೆ ತಾಗುವುದಕ್ಕೆ ಇದೇ ಕಾರಣ. ನೀರು ತುಂಬುವಾಗಲೆಲ್ಲ ಬತ್ತಿಯನ್ನು ತಲೆಕೆಳಗು ಮಾಡುವ ರೂಢಿ ಈ ದೋಷವನ್ನು ತುಸು ತಗ್ಗಿಸುತ್ತದೆ; ಎರಡೂ ಕಡೆ ಒಂದೇ ಅಳತೆಯಿರುವ ಬತ್ತಿಗೆ ಮಾತ್ರ ಇದು ಸಾಧ್ಯ.

ಈ ವಾದಕ್ಕೆ ಪರೋಕ್ಷ ಬೆಂಬಲ ಇಡೀ ಮನೆಗೆ ಜೋಡಿಸುವ ಹ್ಯೂಮಿಡಿಫೈಯರ್‌ಗಳಿಂದ ಸಿಗುತ್ತದೆ. ಅವುಗಳಲ್ಲಿ ಒಂದು ಬಗೆಯಲ್ಲಿ ನೀರು ಅಲ್ಯೂಮಿನಿಯಂ ಜಾಲರಿಯ ಪ್ಯಾಡಿನ ಮೇಲಿಂದ ಇಳಿದು, ಆವಿಯಾಗದ್ದು ನೇರ ಚರಂಡಿಗೆ ಹರಿಯುತ್ತದೆ. ಅದರ ಪ್ಯಾಡನ್ನು ವರ್ಷಕ್ಕೊಮ್ಮೆ ಬದಲಿಸಿದರೆ ಸಾಮಾನ್ಯವಾಗಿ ಸಾಕು. ನಿಂತ ನೀರಿನಲ್ಲಿ ಸ್ಪಂಜು ತಿರುಗಿಸುವ ಡ್ರಮ್ ಬಗೆಗೆ ಹೆಚ್ಚು ಆರೈಕೆ ಬೇಕು. ಜಾಲರಿಗೂ ಸ್ಪಂಜಿಗೂ ರಚನೆಯ ವ್ಯತ್ಯಾಸ ಇರುವುದರಿಂದ ಈ ಹೋಲಿಕೆಯನ್ನು ಪುರಾವೆಯೆನ್ನಲಾಗದು, ಸೂಚನೆಯೆನ್ನಬಹುದು.

ಕಟ್ಟಿದ ಲವಣವನ್ನು ತೆಗೆಯಲು ವಿನಿಗರ್ ಬೆರೆಸಿದ ನೀರಿನಲ್ಲಿ ನೆನೆಸುವುದು ರೂಢಿ. ಅದರ ಅಸಿಟಿಕ್ ಆಮ್ಲ ಕಾರ್ಬೊನೇಟನ್ನು ಕರಗಿಸುತ್ತದೆ, ಜಿಪ್ಸಂ ಮತ್ತು ಸಿಲಿಕಾಗಳನ್ನು ಕರಗಿಸದು. ಕೈಪಿಡಿ ಒಪ್ಪುವ ಬತ್ತಿಗೆ ಮಾತ್ರ ಇದನ್ನು ಮಾಡಬೇಕು. ಆಮೇಲೆ ಚೆನ್ನಾಗಿ ತೊಳೆಯಬೇಕು, ಹಿಂಡಬಾರದು. ಪದೇ ಪದೇ ನೆನೆಸಿದ ಕಾಗದ ಬಿಗಿ ಕಳೆದುಕೊಂಡು ಕುಸಿಯುತ್ತದೆ. ಕುಸಿದಲ್ಲಿ ಉಂಟಾದ ಸಂದಿನಿಂದ ಗಾಳಿ ಬತ್ತಿಯನ್ನು ಮುಟ್ಟದೆ ನುಸುಳುತ್ತದೆ. ಸಾಫ್ಟನರ್ ಯಂತ್ರ ಕ್ಯಾಲ್ಸಿಯಂ ಬದಲು ಸೋಡಿಯಂ ಇಡುವುದರಿಂದ ಲವಣದ ಒಟ್ಟು ತೂಕ ಇಳಿಯುವುದಿಲ್ಲ. ಆರ್‌ಒ ನೀರು ಲವಣದ ಬಹುಪಾಲನ್ನು ತಡೆಯುತ್ತದೆ, ಆದರೆ ಶುದ್ಧೀಕರಣದಲ್ಲಿ ಪೋಲಾಗುವ ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಹೊಸ ಬತ್ತಿ ಕೊಳ್ಳುವಾಗ ಮಾದರಿ ಸಂಖ್ಯೆಯ ಜೊತೆಗೆ ನೋಡಬೇಕಾದ್ದು ಎತ್ತರ, ದಪ್ಪ ಮತ್ತು ಚೌಕಟ್ಟಿನಲ್ಲಿ ಸಂದಿಲ್ಲದೆ ಕೂರುವ ಗುಣ. ಬೇರೆ ತಯಾರಕರ ಅಗ್ಗದ ಬತ್ತಿ ಈ ಮೂರರಲ್ಲಿ ಹೊಂದಿದರೆ ಅದನ್ನು ತಿರಸ್ಕರಿಸಲು ಕಾರಣವಿಲ್ಲ. ಸೂಕ್ಷ್ಮಜೀವಿ ನಿರೋಧಕ ಲೇಪನವಿದ್ದರೂ ಅದರ ಮೇಲೆ ಲವಣದ ಪದರ ಕಟ್ಟಿದರೆ ಅದು ನೀರಿನ ಸಂಪರ್ಕಕ್ಕೆ ಬರುವುದು ಕಡಿಮೆಯಾಗುತ್ತದೆ. ಬತ್ತಿ ಮುಗಿದಿದೆಯೆಂದು ತಿಳಿಯಲು ದಿನಾಂಕಕ್ಕಿಂತ ನಂಬಬಹುದಾದ ಗುರುತುಗಳಿವೆ: ಹೊರಗೆ ಅದೇ ಚಳಿ, ಫ್ಯಾನಿಗೆ ಅದೇ ವೇಗವಿದ್ದೂ ಟ್ಯಾಂಕ್ ಖಾಲಿಯಾಗಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುವುದು, ಹೈಗ್ರೋಮೀಟರಿನ ಅಂಕಿ ಇಳಿಯುವುದು, ನಲ್ಲಿಯ ಕೆಳಗೆ ಹಿಡಿದಾಗ ನೀರು ಒಳಗಿಳಿಯದೆ ಮೇಲಿಂದಲೇ ಜಾರುವುದು. ವಾಸನೆ ಬಂದರೆ, ಕಪ್ಪು ಬೂಷ್ಟಿನ ಚುಕ್ಕೆ ಕಂಡರೆ ಲವಣದ ಲೆಕ್ಕ ಬದಿಗಿಟ್ಟು ಕೂಡಲೇ ಎಸೆಯಬೇಕು. ಋತು ಮುಗಿದಾಗ ಒದ್ದೆ ಬತ್ತಿಯನ್ನು ಯಂತ್ರದೊಳಗೇ ಬಿಟ್ಟು ಕಪಾಟು ಸೇರಿಸುವುದು ಬೂಷ್ಟಿಗೆ ಆಹ್ವಾನ.

ದಿನವೂ ನೀರು ಚೆಲ್ಲುವ ಯಂತ್ರದಲ್ಲಿ ಕಾರ್ಬೊನೇಟಿನ ಎಷ್ಟು ಪಾಲು ಬತ್ತಿಗೆ ಅಂಟುತ್ತದೆ, ಎಷ್ಟು ತಟ್ಟೆಯ ತಳಕ್ಕೆ ಇಳಿಯುತ್ತದೆ ಎಂಬುದು ಈ ಲೆಕ್ಕದಿಂದ ತೀರ್ಮಾನವಾಗದ ಪ್ರಶ್ನೆ. ನೀರಿನ ಸಂಯೋಜನೆ, ಫ್ಯಾನಿನ ವೇಗ, ಬತ್ತಿಯ ಎತ್ತರ ಎಲ್ಲವೂ ಅದನ್ನು ಬದಲಿಸಬಲ್ಲವು. ಹೊಸ ಬತ್ತಿಯನ್ನೂ, ಋತುವಿನ ಕೊನೆಗೆ ಪೂರ್ತಿ ಒಣಗಿಸಿದ ಅದೇ ಬತ್ತಿಯನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ನಡುವೆ ತುಂಬಿದ ಮತ್ತು ಚೆಲ್ಲಿದ ಲೀಟರುಗಳನ್ನು ಬರೆದಿಟ್ಟರೆ ಆಯಾ ಊರಿನ ನೀರಿಗೆ ಆ ಪಾಲು ಎಷ್ಟೆಂಬ ಅಂದಾಜು ಸಿಗುತ್ತದೆ.