ಸಿಗ್ನಲ್ಲಿನ ಹಸಿರು ದೀಪಕ್ಕೆ ಮೂವತ್ತು ವರ್ಷ ಕಾಯಬೇಕಾಯ್ತು

ಹಡಗಲಿಯಿಂದ ಹುಬ್ಬಳ್ಳಿಗೋ ದಾವಣಗೆರೆಗೋ ಹೋದಾಗ ಸಿಗ್ನಲ್ಲಿನ ಕೆಂಪು ದೀಪವನ್ನು ಸರಿಯಾಗಿ ನೋಡಿ. ಹಲವು ಕಡೆ ಅದು ಒಂದು ಬಲ್ಬ್ ಅಲ್ಲ, ನೂರಾರು ಚುಕ್ಕಿಗಳ ಗುಂಪು. ಒಂದೊಂದು ಚುಕ್ಕಿಯೂ ಒಂದು ಎಲ್‌ಇಡಿ.

ಮೊದಲ ಸಿಗ್ನಲ್ ಉರಿದದ್ದು ಗ್ಯಾಸಿನಿಂದ. 1868ರ ಡಿಸೆಂಬರ್‌ನಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಹತ್ತಿರ ಅದನ್ನು ನಿಲ್ಲಿಸಿದರು. ಮುಂದಿನ ತಿಂಗಳೇ ಗ್ಯಾಸ್ ಸ್ಫೋಟವಾಗಿ, ಅದನ್ನು ನಡೆಸುತ್ತಿದ್ದ ಪೊಲೀಸ್ ಗಾಯಗೊಂಡ. 1905ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೀದಿದೀಪ ಹೊತ್ತಿತು. ಸರಿಯಾಗಿ ಒಂಬತ್ತು ವರ್ಷದ ನಂತರ, 1914ರ ಅದೇ ದಿನ, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ವಿದ್ಯುತ್ ಸಿಗ್ನಲ್ ಶುರುವಾಯಿತು.

ಅಲ್ಲಿಂದ ಸುಮಾರು ಎಂಬತ್ತು ವರ್ಷ ತಂತಿ ಕಾಯ್ದು ಉರಿಯುವ ಬಲ್ಬಿನದೇ ಕಾರುಬಾರು. ಬಲ್ಬಿನ ಮುಂದೆ ಬಣ್ಣದ ಗಾಜು. ಕೆಂಪು ಗಾಜು ಕೆಂಪನ್ನಷ್ಟೇ ಬಿಟ್ಟು ಉಳಿದ ಬೆಳಕನ್ನೆಲ್ಲ ತಡೆಯುತ್ತಿತ್ತು. ಕರೆಂಟಿನ ಬಹುಪಾಲು ಶಾಖವಾಗಿ ಹೋಗುತ್ತಿತ್ತು. ತಂತಿ ತುಂಡಾದರೆ ದೀಪ ಪೂರ್ತಿ ಕತ್ತಲು. ಇನ್ನೊಂದು ಅಪಾಯವೂ ಇತ್ತು: ನಮ್ಮ ಬೆನ್ನ ಹಿಂದಿನ ಇಳಿಬಿಸಿಲು ಬಲ್ಬಿನ ಹಿಂದಿರುವ ಕನ್ನಡಿಗೆ ಬಡಿದರೆ, ಆರಿದ ದೀಪವೂ ಉರಿದಂತೆ ಕಾಣುತ್ತಿತ್ತು. ನಿಲ್ಲಬೇಕೋ ಹೋಗಬೇಕೋ ತಿಳಿಯದ ಆ ಒಂದು ಕ್ಷಣಕ್ಕೆ ಜೀವವೇ ಹೋಗಬಹುದು.

1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಮಾಡಿದರು. ಇದಕ್ಕೆ ಬಣ್ಣದ ಗಾಜು ಬೇಡ, ಬೆಳಕೇ ಕೆಂಪು. ಆದರೆ ಸಿಗ್ನಲ್ಲಿಗೆ ಬೇಕಾದ ಪ್ರಖರ ಹಸಿರು ಸಿಗಲಿಲ್ಲ. ಜಪಾನಿನ ಅಕಾಸಾಕಿ, ಅಮಾನೊ, ನಕಮುರಾ ಎಂಬ ಮೂವರು ವಿಜ್ಞಾನಿಗಳ ದುಡಿಮೆಯಿಂದ 1990ರ ದಶಕದ ಆರಂಭದಲ್ಲಿ ಪ್ರಖರ ನೀಲಿ ಎಲ್‌ಇಡಿ ಬಂತು. ಅದೇ ಬಗೆಯ ವಸ್ತುವಿನಿಂದ ಹಸಿರೂ ಬಂತು. 2014ರಲ್ಲಿ ಮೂವರಿಗೂ ನೊಬೆಲ್ ಸಿಕ್ಕಿತು. ಹೀಗಾಗಿ ಎಷ್ಟೋ ಊರುಗಳ ಸಿಗ್ನಲ್ಲಿನಲ್ಲಿ ಮೊದಲು ಎಲ್‌ಇಡಿ ಆದದ್ದು ಕೆಂಪು, ಹಸಿರಿನ ಸರದಿ ಆಮೇಲೆ.

ಲಾಭ ಎಷ್ಟು? ಲೆಕ್ಕ ಹಾಕೋಣ. ನಾಲ್ಕು ದಿಕ್ಕಿನ ಸರ್ಕಲ್‌ನಲ್ಲಿ ಸದಾ ನಾಲ್ಕು ದೀಪ ಉರಿಯುತ್ತವೆ ಎನ್ನಿ. 100 ವ್ಯಾಟಿನ ಬಲ್ಬಾದರೆ ದಿನಕ್ಕೆ 9.6 ಯೂನಿಟ್. 12 ವ್ಯಾಟಿನ ಎಲ್‌ಇಡಿಯಾದರೆ ಸುಮಾರು 1.15 ಯೂನಿಟ್. ಇಷ್ಟು ಕಡಿಮೆ ಕರೆಂಟನ್ನು ಬ್ಯಾಟರಿಯೋ ಸೋಲಾರ್ ಫಲಕವೋ ಕೊಡಬಲ್ಲದು. ಕರೆಂಟ್ ಹೋದರೂ ಸಿಗ್ನಲ್ ನಿಲ್ಲುವುದಿಲ್ಲ. ಕೆಲವು ಚುಕ್ಕಿ ಸತ್ತರೂ ಸಾಮಾನ್ಯವಾಗಿ ಉಳಿದವು ಉರಿಯುತ್ತವೆ. ಬಲ್ಬ್ ಬದಲಿಸಲು ನಡುರಸ್ತೆಯಲ್ಲಿ ಪದೇ ಪದೇ ಏಣಿ ಹಾಕುವ ಕೆಲಸವೂ ತಪ್ಪುತ್ತದೆ.

ಚುಕ್ಕಿಗಳಿಂದ ಬೇಕಾದ ಆಕಾರವನ್ನೂ ಮೂಡಿಸಬಹುದು. 2022ರಲ್ಲಿ ವಿಶ್ವ ಹೃದಯ ದಿನದ ನೆಪದಲ್ಲಿ ಬೆಂಗಳೂರಿನ ಕೆಲವು ಸಿಗ್ನಲ್‌ಗಳಲ್ಲಿ ಕೆಂಪು ದೀಪ ಹೃದಯದಾಕಾರದಲ್ಲಿ ಉರಿಯಿತು. ಎಷ್ಟು ಸೆಕೆಂಡ್ ಬಾಕಿ ಎಂದು ತೋರಿಸುವ ಅಂಕಿಗಳೂ ಇದೇ ಚುಕ್ಕಿಗಳ ಕೆಲಸ.

ನಮ್ಮ ಮನೆಯ ಬಿಳಿ ಎಲ್‌ಇಡಿ ಬಲ್ಬ್ ಕೂಡ ಆ ನೀಲಿ ಎಲ್‌ಇಡಿಯದೇ ಸಂತಾನ. ನೀಲಿ ಬೆಳಕಿಗೆ ಹಳದಿ ಬೆಳಗುವ ಪುಡಿಯ ಲೇಪ ಸೇರಿ ಬಿಳಿಯಾಗುತ್ತದೆ.

ಆದರೆ ದೀಪ ಎಷ್ಟೇ ಒಳ್ಳೆಯದಿದ್ದರೂ ಬ್ಯಾಟರಿ ಸತ್ತರೆ, ಗಾಜಿನ ಮೇಲೆ ದೂಳು ಕೂತರೆ ಸಿಗ್ನಲ್ ಇದ್ದೂ ಇಲ್ಲದಂತೆ. ನಾಳೆ ನಮ್ಮ ಊರಿನ ಸರ್ಕಲ್‌ಗೆ ಸಿಗ್ನಲ್ ಕೇಳುವಾಗ ದೀಪವನ್ನಷ್ಟೇ ಕೇಳಬೇಡಿ. ಬ್ಯಾಟರಿ ಇದೆಯಾ, ಕೆಟ್ಟರೆ ರಿಪೇರಿ ಯಾರ ಹೊಣೆ ಅಂತಲೂ ಕೇಳಿ.